ಕೊನೆಯ ಹೊಲದ ಕಂಬ

ಏಪ್ರಿಲ್ 9

ಮಾಪನ ಕೇಂದ್ರದ ಎಂಜಿನಿಯರ್ ಅವರಿಗೆ,

ನಾನು ಎಂಟು ಹೊಲಗಳ ಕಾಲುವೆಯ ಮೊದಲ ಹೊಲದ ಯಜಮಾನಿ. ಈ ಕಾಲುವೆ ತೋಡಿಸಿದವರು ನನ್ನ ಮಾವ. ಅವರ ನಂತರ ನೀರಿನ ಸರದಿ ಹೇಳಿದವರು ನನ್ನ ಗಂಡ. ಅವರು ತೀರಿಕೊಂಡ ವರ್ಷ, ಇನ್ನು ಯಾರು ಹೇಳಬೇಕೆಂದು ಗಂಡಸರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಹೇಳಿದವಳು ನಾನು. ಅಂದಿನಿಂದ ನಾನು ಹೇಳದೆ ತೂಬು ಎತ್ತಿದವರಿಲ್ಲ, ಹೇಳಿದ ಮೇಲೆ ಎತ್ತದವರೂ ಇಲ್ಲ. ನನಗಿಂತ ವಯಸ್ಸಾದವರೂ ನನ್ನನ್ನು ದೊಡ್ಡಮ್ಮ ಎನ್ನುತ್ತಾರೆ. ಹೈಸ್ಕೂಲು ಮುಗಿಸಿದ್ದೇನೆ, ಬಂದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಗತಿ ನನಗಿಲ್ಲ.

ಇದನ್ನೆಲ್ಲ ಸ್ವಂತ ಸೊಸೆಗೆ ಯಾಕೆ ಹೇಳಬೇಕಾಯಿತು ಗೊತ್ತೇ? "ಮಾನ್ಯ ಭೂಮಾಲೀಕರೇ, ತಮ್ಮ ಜಮೀನಿನಲ್ಲಿ ಕಂಬ ನೆಡಲು ಅನುಮತಿ ಕೋರಿ" ಎಂದು ಅಚ್ಚು ಹಾಕಿದ ಕಾಗದ ಬಂತು. ಕೆಳಗೆ ನಿನ್ನ ಸಹಿ. ನೀನು ಗುರುತಿಲ್ಲದವಳಂತೆ ಬರೆದೆ, ನಾನು ಗುರುತಿಲ್ಲದವಳಿಗೆ ಬರೆದಂತೆ ಉತ್ತರ ಕೊಟ್ಟೆ. ಇಲ್ಲಿಗೆ ಅದು ಮುಗಿಯಿತು. ಈಗ ಅತ್ತೆಯಾಗಿ ಬರೆಯುತ್ತೇನೆ.

ಕಂಬ ನೆಡು. ಅಡುಗೆಮನೆ ಕಿಟಕಿಯಿಂದ ನನಗೆ ಕಾಣುವ ಜಾಗದಲ್ಲಿ ನೆಡು. ಎರಡನೆಯ ಕಂಬವನ್ನು ಕೊನೆಯ ಹೊಲದಲ್ಲಿ, ನನ್ನ ಓರಗಿತ್ತಿಯ ಜಮೀನಿನಲ್ಲಿ ನೆಡುತ್ತೀರಂತೆ. ಗೊಣಗಮ್ಮನಿಗೆ ಒಬ್ಬ ಜೊತೆಗಾರ ಸಿಕ್ಕಂತಾಯಿತು. ಇಷ್ಟು ವರ್ಷದಿಂದ ಅವಳದು ಒಂದೇ ರಾಗ, ನೀರು ಬರಲಿಲ್ಲ, ನೀರು ಬರಲಿಲ್ಲ. ತೂಬು ತೆಗೆದ ಗಳಿಗೆಯಿಂದ ಎಂಟೂ ಹೊಲಕ್ಕೆ ಅರ್ಧರ್ಧ ಹಗಲು ನೀರು. ನನಗೂ ಅಷ್ಟೇ, ಅವಳಿಗೂ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನ್ನ ಕಂಬ ಅಲ್ಲಿಯೂ ನಿಲ್ಲಲಿ. ಸತ್ಯ ಎಲ್ಲರಿಗೂ ಕಾಣಲಿ.

ನಿನ್ನ ಗಂಡನೊಡನೆ ಫೋನಿನಲ್ಲಿ ಎಷ್ಟು ಬೇಕಾದರೂ ಪಿಸುಗುಟ್ಟು. ನನಗೆ ಹೇಳುವುದಿದ್ದರೆ ಕಾಗದ ಬರೆ. ಫೋನಿನ ಮಾತು ಕಿವಿಯಿಂದ ಇಳಿಯುವ ಮೊದಲೇ ಮರೆತುಹೋಗುತ್ತದೆ.

ಒಪ್ಪಿಗೆ ಕೊಟ್ಟಿರುವ,
ನಿನ್ನ ಅತ್ತೆ


ಏಪ್ರಿಲ್ 20

ಅತ್ತೆಗೆ ನಮಸ್ಕಾರ.

ಕವರಿನ ಮೇಲೆ ಬರೀ "ಎಂಜಿನಿಯರ್" ಎಂದಿದ್ದರಿಂದ ನಿಮ್ಮ ಕಾಗದ ಮೊದಲು ನಮ್ಮ ಮುಖ್ಯಸ್ಥರ ಮೇಜಿಗೆ ಹೋಗಿತ್ತು. ಅವರು ಓದಿ, ತಾವೇ ಎದ್ದು ಬಂದು ನನ್ನ ಕೈಗಿಟ್ಟು, "ಇವರು ಇಲ್ಲಿಗೆ ಬರೋದಾದ್ರೆ ನನ್ನ ಕುರ್ಚಿ ಬಿಟ್ಟುಕೊಡ್ತೀನಮ್ಮ" ಎಂದರು. ಅಚ್ಚಿನ ಕಾಗದ ಎಲ್ಲರಿಗೂ ಒಂದೇ ಥರ ಹೋಗುತ್ತದೆ ಅತ್ತೆ. ನಿಮಗೆ ಬೇರೆ ಬರೆಯಬೇಕಿತ್ತು. ನನ್ನದೇ ತಪ್ಪು.

ಕಂಬ ಏನು ಮಾಡುತ್ತದೆ ಎಂದು ನೀವು ಕೇಳಲಿಲ್ಲ. ಕೇಳುವುದಿಲ್ಲ ಎಂದು ಗೊತ್ತು. ಆದರೂ ಹೇಳುತ್ತೇನೆ. ಬಾಡಿಗೆ ಕಾರಿನವನು ಫೋನು ನೋಡಿಕೊಂಡು ದಾರಿ ಹಿಡಿಯುತ್ತಾನಲ್ಲ, ಅವನಿಗೆ ದಾರಿ ತೋರಿಸುವ ಉಪಗ್ರಹಗಳು ಹಗಲೂ ರಾತ್ರಿ ಸಂಕೇತ ಕಳಿಸುತ್ತಲೇ ಇರುತ್ತವೆ. ಅದರಲ್ಲಿ ಒಂದು ಪಾಲು ಕಂಬದ ತುದಿಯ ಆಂಟೆನಾಕ್ಕೆ ನೇರವಾಗಿ ಬರುತ್ತದೆ. ಇನ್ನೊಂದು ಪಾಲು ನೆಲಕ್ಕೆ ಬಿದ್ದು ಪುಟಿದು ಬರುತ್ತದೆ. ದಾರಿ ಹುಡುಕುವವರಿಗೆ ಈ ಎರಡನೆಯದು ಬರೀ ಕಾಟ, ಕಸ. ನಾವು ಆ ಕಸದಿಂದ ರಸ ತೆಗೆಯುತ್ತೇವೆ.

ನೀವೊಮ್ಮೆ ಸುಣ್ಣ ಬಳಿಸಲೆಂದು ನಡುಮನೆಯ ಸಾಮಾನೆಲ್ಲ ಹೊರಗೆ ಹಾಕಿಸಿದ್ದಿರಿ, ನೆನಪಿದೆಯೇ? ಆ ಬರಿಕೋಣೆಯಲ್ಲಿ ನಿಂತು ನನ್ನನ್ನು ಕೂಗಿದಾಗ ನಾಲ್ಕು ಜನ ಅತ್ತೆಯರು ಕೂಗಿದಂತಾಗಿ ನಾನು ಲೋಟ ಬೀಳಿಸಿದ್ದೆ. ಹಾಸಿಗೆ, ಪರದೆ, ಕಪಾಟು ಒಳಗೆ ಬಂದ ಮೇಲೆ ಒಬ್ಬರೇ ಉಳಿದಿರಿ. ಹೊಲವೂ ಹಾಗೆಯೇ. ಒಣನೆಲದ ಮರುದನಿ ಒಂದು ಬಗೆ, ಒದ್ದೆನೆಲದ್ದು ಇನ್ನೊಂದು ಬಗೆ. ಬೆಳೆ ಎದ್ದಂತೆ ಮರುದನಿ ಮೆತ್ತಗಾಗುತ್ತದೆ. ಅದನ್ನು ಕೇಳಿಸಿಕೊಂಡು ನೆಲದಲ್ಲಿ ತೇವ ಎಷ್ಟಿದೆ, ಪೈರು ಎಷ್ಟು ಬೆಳೆದಿದೆ ಎಂದು ಲೆಕ್ಕ ಹಾಕುತ್ತೇವೆ. ಕಂಬದ ಸುತ್ತ ಒಂದು ಕಲ್ಲೆಸೆತದಷ್ಟು ಜಾಗ, ಮೇಲಿನ ನಾಲ್ಕು ಬೆರಳು ಮಣ್ಣು, ಅಷ್ಟೇ ಅದಕ್ಕೆ ತಿಳಿಯುವುದು.

ಇನ್ನೊಂದು ಮಾತು ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳಬಾರದು. ಕಂಬ ಬೇಕೆಂದು ಕೇಂದ್ರಕ್ಕೆ ಬರೆದವರು ನಿಮ್ಮ ಕಾಲುವೆ ಸಂಘದವರೇ. ಆಗಸ್ಟಿನಲ್ಲಿ ಸಭೆ ಸೇರಿ, ಮುಂದೆ ಸರದಿಯನ್ನು ಕಂಬ ನೋಡಿ ಹೇಳುವುದೋ, ನೀವು ಹೇಳುವುದೋ ಎಂದು ತೀರ್ಮಾನ ಮಾಡುತ್ತಾರಂತೆ. ಈ ಕೆಲಸವನ್ನು ನನಗೆ ಕೊಡಬೇಡಿ ಎಂದು ಕೇಳಿದೆ. ಕೊಟ್ಟರು.

ನಿಮ್ಮ,
ಸೊಸೆ


ಮೇ 22

ಸೊಸೆಗೆ,

ಕಂಬ ನೆಡಲು ಬಂದವರು ಇಬ್ಬರೂ ಹುಡುಗಿಯರು. ಬೂಟು ಹೊರಗೆ ಬಿಡಿ ಎಂದೆ, ಬಿಟ್ಟರು. ಒಬ್ಬಳು ಊಟದಲ್ಲಿ ಎರಡನೇ ಸಲ ಬಡಿಸಿಕೊಂಡಳು. ಅವಳ ಸಂಬಳ ಹೆಚ್ಚಿಸಲು ನಿನ್ನ ಮುಖ್ಯಸ್ಥರಿಗೆ ಹೇಳು.

ಕಂಬಕ್ಕೆ ನನ್ನಿಂದ ಯಾವ ತೊಂದರೆಯೂ ಇಲ್ಲ. ತುದಿಯಲ್ಲಿ ತಟ್ಟೆ ಬೋರಲು ಹಾಕಿದಂಥ ಬಿಳಿ ಡಬ್ಬಿ, ಕೆಳಗೆ ಬಿಸಿಲಿಗೆ ಮುಖ ಮಾಡಿದ ಹಲಗೆ. ಒಂದು ಕಾಗೆ ಅದನ್ನು ತನ್ನ ಹೆಸರಿಗೆ ಬರೆಸಿಕೊಂಡಿದೆ. ನಿನ್ನ ಗಂಡ ಪಂಪು ರಿಪೇರಿಯ ಕೆಲಸ ಬಿಟ್ಟು ಅದರ ಬುಡದಲ್ಲಿ ಹೋಗಿ ನಿಲ್ಲುತ್ತಾನೆ. ಅಲ್ಲೇನು ನಿನಗೆ ಎಂದರೆ, "ಇದು ದಿನಾ ಅವಳಿಗೆ ಸುದ್ದಿ ಕಳಿಸುತ್ತಂತಮ್ಮ" ಎನ್ನುತ್ತಾನೆ. ನಾಚಿಕೆಗೆಟ್ಟವನು. ರಜೆ ಸಿಕ್ಕರೆ ಬಂದು ಹೋಗು.

ತೂಬು ನೋಡಿಕೊಳ್ಳುವ ನೀರುಗಂಟಿ ಮೊನ್ನೆ ಎಲ್ಲರ ಎದುರಿಗೆ ಕೇಳಿದ, "ದೊಡ್ಡಮ್ಮ, ಇನ್ಮೇಲೆ ನಿಮ್ಮನ್ನ ಕೇಳಬೇಕಾ, ಕಂಬಾನ ಕೇಳಬೇಕಾ?" ಎಂದು. "ಮೊದಲು ಗುದ್ದಲಿ ತೊಳೆದಿಡೋದು ಕಲಿ. ಆಮೇಲೆ ಯಾರನ್ನ ಬೇಕಾದ್ರೂ ಕೇಳುವಂತೆ" ಎಂದೆ. ಎಲ್ಲರೂ ನಕ್ಕರು. ಆದರೆ ಎರಡನೇ ಹೊಲದವನು ನಗುವಾಗ ನನ್ನ ಕಡೆ ನೋಡಲಿಲ್ಲ. ಸಂಘದಿಂದ ಕಾಗದ ಬರೆದವನು ಅವನೇ ಇರಬೇಕು.

ನೀನು ಆ ಸುದ್ದಿಯನ್ನು ಮುಚ್ಚಿಡದೆ ಬರೆದದ್ದು ಸರಿಯಾಯಿತು. ಕೆಲಸ ಬೇಡವೆಂದು ಕೇಳಿದ್ದು ಸರಿಯಲ್ಲ. ಕೊಟ್ಟ ಕೆಲಸಕ್ಕೆ ಬೆನ್ನು ತಿರುಗಿಸುವುದು ಈ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ. ಸರದಿಯ ಮಾತು ಹೋದರೆ ನನ್ನದು ಹೋಗುತ್ತದೆ. ನೀನು ಯಾಕೆ ನಡುಗಬೇಕು?

ಮುಸುಕಿನ ಜೋಳ ಮೊಳೆತು ಎರಡೆಲೆ ಬಿಟ್ಟಿದೆ.

ನಿನ್ನ ಅತ್ತೆ


ಜೂನ್ 12

ಅತ್ತೆಗೆ ನಮಸ್ಕಾರ.

ಒಂದು ಮಾತು ಕೇಳುತ್ತೇನೆ, ಬೈಯಬೇಡಿ. ನಮ್ಮ ಹೊಲದ ಕಂಬ ವಿಚಿತ್ರವಾದ ಸುದ್ದಿ ಕಳಿಸುತ್ತಿದೆ. ಸರದಿಯಿರಲಿ ಬಿಡಲಿ, ಪ್ರತಿದಿನ ಸಂಜೆ ಅದರ ಸುತ್ತಲಿನ ನೆಲ ಒದ್ದೆಯಾಗುತ್ತದೆ. ಮರುದಿನ ಮಧ್ಯಾಹ್ನಕ್ಕೆ ಆರುತ್ತದೆ, ಸಂಜೆ ಮತ್ತೆ ಒದ್ದೆ. ಮಳೆಯಿಲ್ಲ, ಮೋಡವಿಲ್ಲ. ಭಾನುವಾರಗಳಂದು ಇನ್ನೂ ಜಾಸ್ತಿ.

ಕಂಬ ಕೆಟ್ಟಿದೆ, ಬಿಚ್ಚಿ ತನ್ನಿ ಎಂದರು ಮುಖ್ಯಸ್ಥರು. ಕಂಬ ಕೆಟ್ಟಿಲ್ಲ ಸರ್, ಅಲ್ಲಿ ನಮ್ಮ ಅತ್ತೆ ಇದ್ದಾರೆ ಎಂದೆ.

ಊಹೆ ತಪ್ಪಾಗಿದ್ದರೆ ಕ್ಷಮಿಸಿ. ಸರಿಯಾಗಿದ್ದರೆ ದಯವಿಟ್ಟು ನಿಲ್ಲಿಸಿ. ಕಂಬದ ಸುತ್ತಲಿನ ನೆಲ ಒದ್ದೆಯಿದ್ದರೆ ಇಡೀ ಹೊಲವೇ ಒದ್ದೆ ಎಂದು ನಾವು ತಿಳಿದುಕೊಳ್ಳುತ್ತೇವೆ. ನಾಳೆ ನಿಜವಾಗಿ ನೀರು ಬೇಕಾದಾಗ ಇದಕ್ಕೆ ಬೇಡ ಎಂದು ಬರೆದುಬಿಡುತ್ತೇವೆ.

ಹೆದರುತ್ತಲೇ ಬರೆದಿರುವ,
ಸೊಸೆ


ಜೂನ್ 18

ಸೊಸೆಗೆ,

ಹೌದು, ನೀರು ಹಾಕಿದವಳು ನಾನೇ. ಹಿತ್ತಲ ಪೈಪು ಅಲ್ಲಿಯವರೆಗೆ ಬರುತ್ತದೆ. ಕಳೆ ಕೀಳಿಸಿದೆ, ಹೆಂಟೆ ಒಡೆಸಿದೆ, ಸಂಜೆ ಸಂಜೆ ನೀರು ಚಿಮುಕಿಸಿದೆ. ಭಾನುವಾರ ನಿನ್ನ ಗಂಡ ಮನೆಯಲ್ಲಿರುತ್ತಾನೆ, ಅವನೂ ಒಂದು ಕೈ ಹಾಕುತ್ತಾನೆ.

ಇದರಲ್ಲಿ ನಗುವಂಥದ್ದೇನಿದೆ? ಫೋಟೋ ತೆಗೆಸಿಕೊಳ್ಳುವವರು ಮುಖ ತೊಳೆಯದೆ ಕೂರುತ್ತಾರೆಯೇ? ನಿನ್ನ ಕೇಂದ್ರದಲ್ಲಿ ಹತ್ತಾರು ಜನ ನನ್ನ ಹೊಲವನ್ನು ಪರದೆಯ ಮೇಲೆ ನೋಡುತ್ತಾರೆ ಎಂದುಕೊಂಡೆ. ಇವಳ ಅತ್ತೆಮನೆಯ ನೆಲ ಬಾಯಿಬಿಟ್ಟುಕೊಂಡು ಬಿದ್ದಿದೆ ನೋಡಿ ಎಂದು ಅವರು ಆಡಿಕೊಂಡರೆ ತಲೆ ತಗ್ಗಿಸಬೇಕಾದವಳು ನೀನು. ನನಗೇನು, ನಾನು ಇಲ್ಲಿರುತ್ತೇನೆ.

ಪೈಪು ಸುತ್ತಿಟ್ಟಾಯಿತು. ಇನ್ನು ಅದು ಇದ್ದದ್ದನ್ನೇ ನೋಡಲಿ.

ನನ್ನ ಹೊಲದ ಸಂಜೆ ಮುಂಜಾವನ್ನೆಲ್ಲ ಬಿಡಿಸಿ ಬರೆದಿದ್ದೀಯ. ಇನ್ನೊಂದು ಕಂಬದ ಮಾತೇ ಇಲ್ಲ. ಗೊಣಗಮ್ಮನ ಹೊಲ ಏನು ಹೇಳುತ್ತದೆ? ನೀನು ಬಿಟ್ಟಿರುವ ಸಾಲು ನನಗೆ ಓದಲು ಬರುವುದಿಲ್ಲ ಎಂದುಕೊಳ್ಳಬೇಡ.

ಅತ್ತೆ


ಜೂನ್ 30

ಅತ್ತೆಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಪೈಪಿನ ನೀರಿನ ಕಥೆಯನ್ನು ಎಲ್ಲರಿಗೂ ಹೇಳಿದೆ. ನಕ್ಕರು. ಅಷ್ಟು ಸಣ್ಣ ನೀರನ್ನೂ ಕಂಬ ಹಿಡಿಯಿತಲ್ಲ ಎಂದು ಅದರ ಮೇಲೆ ಎಲ್ಲರಿಗೂ ಭರವಸೆ ಬಂತು. ನಾವೇ ಬೇಕೆಂದು ಪರೀಕ್ಷೆ ಮಾಡಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಕೊನೆಯ ಹೊಲ ಒಣಗಿದೆ ಅತ್ತೆ. ಸರದಿಯ ದಿನವೂ ಸರಿಯಾಗಿ ಒದ್ದೆಯಾಗುವುದಿಲ್ಲ. ಚಿಕ್ಕತ್ತೆಯ ಜೋಳ ನಮ್ಮ ಜೋಳದ ಅರ್ಧ ಎತ್ತರಕ್ಕೂ ಬಂದಿಲ್ಲ. ಮೊದಲು ಕಂಬವನ್ನೇ ಅನುಮಾನಿಸಿದೆ. ಅಲ್ಲಿಯದು ಮರಳು ನೆಲ, ಮೇಲೆ ಬೇಗ ಆರಿ ಕೆಳಗೆ ತೇವ ಉಳಿದಿರಬಹುದು ಎಂದುಕೊಂಡೆ. ಆದರೆ ಬೆಳೆ ಯಾಕೆ ಏಳಲಿಲ್ಲ?

ಇದು ಸಂಘದ ಮುಂದೆ ಹೋದರೆ ಎರಡನೇ ಹೊಲದವರು ಏನೆನ್ನುತ್ತಾರೆ ಎಂದು ನನಗೆ ಗೊತ್ತು. ದೊಡ್ಡಮ್ಮ ತಮ್ಮ ಹೊಲ ತುಂಬಿಸಿಕೊಂಡು ಓರಗಿತ್ತಿಯ ಹೊಲ ಒಣಗಿಸಿದರು ಎನ್ನುತ್ತಾರೆ. ಅದು ಸುಳ್ಳೆಂದು ನನಗೆ ಗೊತ್ತು, ಆದರೆ ಪರದೆಯ ಮೇಲಿನ ಗೆರೆಗೆ ಅದು ಗೊತ್ತಿಲ್ಲ. ನೆಲದ ಗುಣದಿಂದಾಗಿ ಕೊನೆಯ ಹೊಲದ ಅಳತೆಯನ್ನು ಈ ವರ್ಷ ನಂಬುವಂತಿಲ್ಲ ಎಂದು ನಾನು ವರದಿಯಲ್ಲಿ ಬರೆಯಬಹುದು. ಪೂರ್ತಿ ಸುಳ್ಳೂ ಅಲ್ಲ. ಯಾರೂ ಕೇಳುವುದಿಲ್ಲ. ನೀವು ಹೇಳಿ, ಹಾಗೆಯೇ ಮಾಡುತ್ತೇನೆ.

ಸೊಸೆ


ಜುಲೈ 5

ಸೊಸೆಗೆ,

ನನ್ನ ಮರ್ಯಾದೆ ಉಳಿಸಲು ಅರ್ಧ ಸುಳ್ಳು ಬರೆಯುವ ಸೊಸೆಯನ್ನು ನಾನು ಈ ಮನೆಗೆ ತಂದಿಲ್ಲ. ಕಂಬ ಏನು ಹೇಳಿತೋ ಅದನ್ನೇ ಬರೆ, ಒಂದು ಅಕ್ಷರ ಬಿಡಬೇಡ.

ಹರಿದ ಮೂರು ಕಾಗದದಲ್ಲಿ ಈ ಮಾತು ಇರಲಿಲ್ಲ ಎಂದುಕೊಂಡಿದ್ದೇನೆ. ಇತ್ತೆಂದರೆ ಹೇಳಬೇಡ.

ಮುಂದಿನ ವಾರ ಗೊಣಗಮ್ಮನ ಸರದಿ. ನಾನೇ ಹೋಗುತ್ತೇನೆ. ಮೈದುನ ಸತ್ತ ಮೇಲೆ ಅವಳ ಹೊಲದಲ್ಲಿ ಕಾಲಿಟ್ಟಿಲ್ಲ.

ಸರಿಯಾಗಿ ಉಣ್ಣು. ಸೊರಗಿದ್ದೀಯ ಎಂದು ನಿನ್ನ ಗಂಡ ಹೇಳಿದ. ಫೋನಿನಲ್ಲಿ ಅವನಿಗೆ ಅದು ಹೇಗೆ ಕಾಣುತ್ತದೋ.

ಅತ್ತೆ


ಜುಲೈ 15

ಮಗೂ,

ಹೋಗಿ ಬಂದೆ.

ಬೆಳಗ್ಗೆ ತೂಬಿನಲ್ಲಿ ನೀರುಗಂಟಿ ಕೊನೆಯ ಹೊಲದ ಸರದಿಗೆ ನೀರು ತಿರುಗಿಸಿದ್ದನ್ನು ಕಣ್ಣಾರೆ ನೋಡಿಯೇ ಹೊರಟೆ. ಕಾಲುವೆಯ ದಂಡೆ ಹಿಡಿದು ನಡೆದೆ. ಏಳನೇ ಹೊಲ ದಾಟಿದ ಮೇಲೆ ದಾರಿ ಇಷ್ಟು ಉದ್ದವಿದೆಯೆಂದು ನನಗೆ ನೆನಪಿರಲಿಲ್ಲ. ಅಲ್ಲಿಂದ ಮುಂದೆ ಕಾಲುವೆಯ ತಳವೆಲ್ಲ ಮರಳು, ಬಿಸಿಲಿಗೆ ಕಾದು ಬಿಳಿಚಿಕೊಂಡಿತ್ತು.

ಗೊಣಗಮ್ಮ ಹೊಲದ ಬಾಯಲ್ಲಿ ಗುದ್ದಲಿ ಹಿಡಿದು ಕುಳಿತಿದ್ದಳು. ನನ್ನನ್ನು ಕಂಡು ಎದ್ದಳು.

"ಏನಕ್ಕ, ದಾರಿ ತಪ್ಪಿತಾ?"

"ತಪ್ಪಿಲ್ಲ. ನಿನ್ನ ಸರದಿ ನೋಡೋಕೆ ಬಂದೆ."

"ನೋಡಿ, ನೋಡಿ. ನೀವು ಬಂದಿದ್ದೀರಲ್ಲ, ಇವತ್ತು ನೀರು ಹೆದರಿಕೊಂಡಾದ್ರೂ ಬರುತ್ತೆ."

"ಬಾಯಿ ಕಮ್ಮಿ ಮಾಡು. ಕೂರೋಕೆ ಜಾಗ ಕೊಡು."

ತಾನು ಕುಳಿತಿದ್ದ ಚೀಲವನ್ನು ನನಗೆ ಹಾಸಿ ತಾನು ಬದುವಿನ ಮೇಲೆ ಕುಳಿತಳು. ನಿನ್ನ ಕಂಬ ಪಕ್ಕದಲ್ಲೇ ನಿಂತಿತ್ತು. ಅದರ ಬುಡದಲ್ಲಿ ಜೋಳ ನನ್ನ ಸೊಂಟಕ್ಕೂ ಬಂದಿಲ್ಲ. ಎಲೆಗಳೆಲ್ಲ ಸುರುಳಿ ಸುತ್ತಿಕೊಂಡಿದ್ದವು. ನಾನು ನೋಡುವುದನ್ನು ಅವಳು ನೋಡಿದಳು.

"ಇದಕ್ಕೆ ದಿನಾ ಒಂದು ಸಲ ಹೇಳ್ತೀನಿ ಅಕ್ಕ, ನೀರು ಬರ್ಲಿಲ್ಲ ಅಂತ. ತಿರುಗಿ ಬಯ್ಯೋದಿಲ್ಲ, ಪಾಪ."

"ನನಗೆ ಹೇಳಿದಾಗ ನಾನು ಬಯ್ದೆ, ಅಲ್ವಾ?"

"ಬಯ್ದ್ರಿ. ಇರ್ಲಿ ಬಿಡಿ. ನಿಮ್ಮ ಕೋಳಿ ಕೂಗಿದ್ರೆ ತಾನೆ ನಮಗೆಲ್ಲ ಬೆಳಗಾಗೋದು."

ಬೇರೆ ಯಾರಾದರೂ ಹೀಗೆಂದಿದ್ದರೆ ಏನು ಮಾಡುತ್ತಿದ್ದೆ ಎಂದು ನಿನಗೆ ಗೊತ್ತು. ನೆರಳು ನಮ್ಮ ಕಾಲಡಿಗೆ ಬರುವವರೆಗೂ ಕುಳಿತೆವು. ನೀರು ಬಂತು. ಬೆರಳು ದಪ್ಪದ ನೀರು, ಒಣಎಲೆ ಕಡ್ಡಿ ನೂಕಿಕೊಂಡು ನಾಲ್ಕು ಹೆಜ್ಜೆ ಬರುವುದು, ನಿಂತು ಮರಳಿಗೆ ಇಂಗುವುದು, ಮತ್ತೆ ನಾಲ್ಕು ಹೆಜ್ಜೆ. ಹೊಲಕ್ಕಿಂತ ಮೊದಲು ಕಾಲುವೆಯೇ ಕುಡಿಯುತ್ತಿತ್ತು. ಕೊನೆಗೆ ಹೊಲದ ಬಾಯಿ ಮುಟ್ಟಿ ಎರಡು ಸಾಲು ನೆನೆಯಿತು, ಅಷ್ಟರಲ್ಲಿ ಸಣ್ಣಗಾಯಿತು. ಹಿಂದೆಯೇ ನೀರುಗಂಟಿ ಸೈಕಲ್ಲಿನಲ್ಲಿ ಬಂದ.

"ತೂಬು ಇಳಿಸಿದೆ ದೊಡ್ಡಮ್ಮ. ಟೈಮಾಯ್ತು."

ನಾನು ಅವನ ಮುಖ ನೋಡಿದೆ.

"ನೀವೇ ಅಲ್ವಾ ಕಲಿಸಿದ್ದು, ಮುಖ ನೋಡಬೇಡ, ಗಡಿಯಾರ ನೋಡು ಅಂತ?"

"ಸರಿಯಾಗಿ ಮಾಡಿದೀಯ" ಎಂದೆ.

ಗೊಣಗಮ್ಮ ಇದ್ದಷ್ಟು ನೀರನ್ನು ಗುದ್ದಲಿಯಿಂದ ಬಾಚಿ ಬಾಚಿ ಸಾಲಿಗೆ ತಿರುಗಿಸಿದಳು. ಮಡಿಲಿನ ಮಣ್ಣು ಕೊಡವಿ, ಬಿಸಿಲು ಏರಿದೆ, ನಿಧಾನ ನಡೀರಿ ಅಕ್ಕ ಎಂದಳು. ಅವಳು ಗೊಣಗಲಿಲ್ಲ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ನಾನು ಮನೆ ಮುಟ್ಟುವ ಹೊತ್ತಿಗೆ ಹೊಸ ಸುತ್ತಿನ ನೀರು ನಮ್ಮ ಹೊಲದಲ್ಲಿ ತುಂಬಿ ಹರಿಯುತ್ತಿತ್ತು. ತೂಬಿನ ಪಕ್ಕದ ಹೊಲ. ಒಮ್ಮೆ ಕೆಮ್ಮುವಷ್ಟರಲ್ಲಿ ಅಲ್ಲಿಗೆ ನೀರು ಬಂದಿರುತ್ತದೆ.

ಅತ್ತೆ


ಆಗಸ್ಟ್ 8

ಮಗೂ,

ಉತ್ತರ ತಡವಾಯಿತು. ಆಮೇಲೆ ಏನು ಮಾಡಿದಿರಿ ಎಂದು ಎರಡು ಕಾಗದದಲ್ಲಿ ಕೇಳಿದ್ದೀಯ. ಮಾಡದೆ ಹೇಳುವ ಅಭ್ಯಾಸ ನನಗಿಲ್ಲ.

ಮಳೆ ಕೈಕೊಟ್ಟು ಅಣೆಕಟ್ಟಿನಲ್ಲಿ ನೀರು ತಳ ಕಂಡಿದೆ. ಇನ್ನು ಒಂದೇ ಸುತ್ತು, ಅದೂ ಪೂರ್ತಿ ಬರುವುದು ಅನುಮಾನ ಎಂದು ಮೇಲಿನಿಂದ ಹೇಳಿಕಳಿಸಿದರು. ಜೋಳ ತೆನೆ ಕಟ್ಟುವ ಕಾಲ. ಈಗ ನೀರು ತಪ್ಪಿದರೆ ಬರೀ ದಂಟು ನಿಲ್ಲುತ್ತದೆ. ಕಳೆದ ಸೋಮವಾರ ಬೆಳಗ್ಗೆ ಎಂಟೂ ಮನೆಯವರನ್ನು ತೂಬಿನ ಹತ್ತಿರ ಕರೆಸಿದೆ. ಈ ಸುತ್ತು ಕೊನೆಯ ಹೊಲದಿಂದ ಶುರು, ಅಲ್ಲಿಂದ ಮೇಲಕ್ಕೆ ಬರುತ್ತದೆ ಎಂದೆ. ಗಡಿಯಾರ ನೋಡುವುದು ತೂಬು ಎತ್ತಿದಾಗಿನಿಂದ ಅಲ್ಲ, ನೀರು ಹೊಲದ ಬಾಯಿ ಮುಟ್ಟಿದಾಗಿನಿಂದ ಎಂದೆ.

ಎರಡನೇ ಹೊಲದವನಿಗೆ ಮೈಯೆಲ್ಲ ಉರಿಯಿತು. "ಇದನ್ನ ನಿಮಗೆ ಕಂಬ ಹೇಳ್ತಾ ದೊಡ್ಡಮ್ಮ?"

"ಕಂಬ ನನ್ನ ಸೊಸೆಗೆ ಹೇಳ್ತು. ಸೊಸೆ ನನಗೆ ಹೇಳಿದ್ಲು. ನಾನು ನಿನಗೆ ಹೇಳ್ತಿದೀನಿ. ಮನೆತನ ಅಂದ್ರೆ ಹಂಗೇ ಕಣಯ್ಯ."

"ನೀರು ಮಧ್ಯದಲ್ಲಿ ಮುಗಿದ್ರೆ? ನಮ್ಮ ಗತಿ?"

"ಈ ಸುತ್ತಲ್ಲಿ ನಿನ್ನ ಸರದಿ ಕೊನೆಯಿಂದ ಎರಡನೆಯದು. ಕಟ್ಟಕಡೆಯದು ನನ್ನದು. ಮುಗಿದ್ರೆ ಮೊದಲು ನನ್ನದು ಒಣಗುತ್ತೆ. ಇನ್ನೇನಾದ್ರೂ ಕೇಳೋದಿದೆಯಾ?"

ಗೊಣಗಮ್ಮ ಹತ್ತಿರ ಬಂದು, "ಅಕ್ಕ, ನಿಮ್ಮ ಜೋಳ..." ಎಂದಳು. "ನನ್ನ ಜೋಳದ ಚಿಂತೆ ನನಗಿರಲಿ. ಹೋಗಿ ನಿನ್ನ ಬದು ಭದ್ರ ಮಾಡ್ಕೋ, ನೀರು ಒಡೆದುಕೊಂಡು ಹೋದ್ರೆ ನಿನ್ನ ಸುಮ್ಮನೆ ಬಿಡಲ್ಲ" ಎಂದು ಕಳಿಸಿದೆ.

ಅಂದು ಅವಳ ಹೊಲ ತುಂಬುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ನಿನ್ನ ಪರದೆಯ ಮೇಲೆ ನೀನೂ ಅದನ್ನು ನೋಡಿರಬೇಕು. ಪಾತಾಳಕ್ಕೆ ಇಂಗಿಹೋಗುವುದೇನೋ ಎನ್ನುವಂತೆ ಕುಡಿಯಿತು ನೆಲ. ಅಲ್ಲಿಂದ ಏಳು, ಆರು, ಐದು, ಒಂದೊಂದೇ ಹೊಲ ತುಂಬಿಕೊಂಡು ನೀರಿನ ಸರದಿ ಮೇಲಕ್ಕೆ ಬಂತು. ಎರಡನೇ ಹೊಲದವನಿಗೂ ಪೂರ್ತಿ ಸಿಕ್ಕಿತು. ಆಮೇಲೆ ಅವನು ನನ್ನ ಮುಖ ನೋಡಿಯೇ ಮಾತಾಡಿದ.

ನಮ್ಮ ಸರದಿ ಇವತ್ತು ಬೆಳಗ್ಗೆ ಬಂತು. ಕಾಲುವೆಯಲ್ಲಿ ಪಾದ ನೆನೆಯುವಷ್ಟು ನೀರಿತ್ತು. ಎರಡು ಮೂರು ಸಾಲಿಗೆ ಹರಿದು ನಿಂತುಹೋಯಿತು. ನಿನ್ನ ಗಂಡ ಬದುವಿನ ಮೇಲೆ ನಿಂತು ನೋಡುತ್ತಿದ್ದ. "ಅಮ್ಮ, ಇಷ್ಟೇನಾ?" ಎಂದ. ಇಷ್ಟೇ ಎಂದೆ. ಜೇಬಿನಿಂದ ಫೋನು ತೆಗೆದು, "ಅವಳಿಗೆ ಫೋನ್ ಮಾಡ್ಲಾ?" ಎಂದ. ಬೇಡ, ನಾನೇ ಬರೆಯುತ್ತೇನೆ ಎಂದೆ. ಈ ಸಲ ನಮ್ಮ ಮನೆಗೆ ಅರ್ಧ ಬೆಳೆ ಬಂದರೆ ಹೆಚ್ಚು. ಅದನ್ನೂ ನಿನ್ನ ವರದಿಯಲ್ಲಿ ಇದ್ದದ್ದು ಇದ್ದಂತೆ ಬರೆ.

ಕಂಬಗಳನ್ನು ಕೀಳಬೇಡ. ನನಗೆ ದಿನವೂ ಅಷ್ಟು ದೂರ ನಡೆಯಲು ಆಗುವುದಿಲ್ಲ. ಆ ನೆಲದ ಸುದ್ದಿಯನ್ನು ನೀನು ನನಗೆ ಬರೆಯುತ್ತಿರು, ಸರದಿಯನ್ನು ನಾನು ಹೇಳುತ್ತೇನೆ.

ನೀನು ಶನಿವಾರವೇ ಬಂದುಬಿಡು. ನಿನ್ನ ಕೋಣೆಗೆ ಬಿಸಿಲು ಬೀಳುವಂತೆ ಪರದೆ ತೆಗೆಸಿದ್ದೇನೆ. ಎರಡು ಸಲ ಬಡಿಸಿಕೊಂಡ ಆ ಹುಡುಗಿಯನ್ನೂ ಕರೆದುಕೊಂಡು ಬಾ.

ಕಂಬವೋ ನಾನೋ ಎಂದು ತೀರ್ಮಾನಿಸಲು ಸಂಘದವರು ಭಾನುವಾರ ಸೇರುತ್ತಾರೆ. ಕುರ್ಚಿ ಹಾಕಿಸಿದ್ದೇನೆ. ಎಷ್ಟು ಹೊತ್ತು ಬೇಕಾದರೂ ಕುಳಿತು ಮಾತಾಡಲಿ. ನೀರು ಹರಿದಾಗಿದೆ.

ನಿನ್ನ ಅತ್ತೆ